ಕಿವಿಯಲ್ಲೇ ಟೈಮಿಂಗ್

ಮಾರ್ಚ್ 4, ಮಧ್ಯಾಹ್ನ

ಸಂಗೀತದ ಮೇಷ್ಟ್ರ ಹಳೇ ಕಾರು, ಟ್ಯೂನಿಂಗ್‌ಗೆ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಬಿಚ್ಚಿದೆ — ಬಿರುಕಿಲ್ಲ, ಒಳಗೆ ಮಸಿ ಅಷ್ಟೇ. ಕಿಡಿ ಎಬ್ಬಿಸುವ ಪಾಯಿಂಟ್ ಸುಟ್ಟು ಗುಳಿ ಬಿದ್ದಿತ್ತು. ಹೊಸದು ಹಾಕಿ, ಗೇಜಿನ ತೆಳು ಪಟ್ಟಿ ತೂರಿಸಿ ಗ್ಯಾಪ್ ಸರಿಮಾಡಿದೆ. ಉಳಿದದ್ದು ಟೈಮಿಂಗ್, ಅಂದರೆ ಕಿಡಿ ಯಾವ ಗಳಿಗೆಗೆ ಹಾರಬೇಕು ಎಂಬುದು. ತಂಗಿ ಆ ಗಳಿಗೆಯನ್ನು ಮಿಂಚಿ ತೋರಿಸುವ ಟೈಮಿಂಗ್ ಲೈಟ್ ಹಿಡಿದು ಬಂದಳು. ಶೆಡ್ಡಿನಲ್ಲಿ ಅರ್ಧ ಪಾಲು ಅವಳದೇ, ಆದರೂ ತಂಗಿ ತಂಗಿಯೇ. "ನಿನ್ನ ಮಿಂಚುಹುಳ ಆಚೆ ಇಡು" ಎಂದೆ. ಬೋಲ್ಟ್ ಸಡಿಲಿಸಿ, ಎಂಜಿನ್ ಓಡುತ್ತಿರುವಾಗಲೇ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ, ಕಿವಿಗೊಟ್ಟು, ಬಿಗಿದೆ. ಏರಿನಲ್ಲಿ ಓಡಿಸಿ ನೋಡಿದೆ. ಬೆಣ್ಣೆಯ ಹಾಗಿತ್ತು. ಮೂವತ್ತು ವರ್ಷದಿಂದ ಹೀಗೇ. ನನಗೆ ಹೆಸರು ಬಂದದ್ದೇ ಈ ಕಿವಿಯಿಂದ.

ಮಾರ್ಚ್ 6

ಮೇಷ್ಟ್ರು ವಾಪಸ್ ಬಂದರು. "ಏರು ಹತ್ತುವಾಗ ಡಬ್ಬೀಲಿ ಮೊಳೆ ಕುಲುಕಿದ ಹಾಗೆ ಶಬ್ದ ಬರುತ್ತಪ್ಪಾ." ಪೆಟ್ರೋಲ್ ಕಲಬೆರಕೆ ಇರಬೇಕು ಎಂದು ಸಾಗಹಾಕಿದೆ. ಹಾಡು ಕೇಳುವ ಕಿವಿಗೆ ಎಂಜಿನ್ ಏನು ಗೊತ್ತು... ತಂಗಿ ನಗಲಿಲ್ಲ.

ಮಾರ್ಚ್ 15

ಮತ್ತೆ ಬಂದರು. ಈ ಸಲ ನಾನೇ ಓಡಿಸಿದೆ, ಹಿಂದಿನ ಸೀಟಿನಲ್ಲಿ ತಂಗಿ. ಏರು ಶುರುವಾಯಿತು.

"ಅಣ್ಣಾ, ಕೇಳಿಸ್ತಾ?"

"ಹೂಂ" ಎಂದೆ, ಮಾನ ಉಳಿಸಿಕೊಳ್ಳಲು.

"ಎಲ್ಲಿ ನಿಂತುಹೋಯ್ತು, ಹೇಳು ನೋಡೋಣ?"

"ಈಗ... ಆ ತಿರುವಲ್ಲಿ."

"ನಿಂತೇ ಇಲ್ಲಣ್ಣ. ಈಗಲೂ ಬರ್ತಿದೆ."

ಮೇಷ್ಟ್ರು ಕಿಟಕಿಯಾಚೆ ನೋಡತೊಡಗಿದರು. ದೊಡ್ಡ ಮನುಷ್ಯ.

ಶೆಡ್ಡಿಗೆ ಬಂದು ತಂಗಿ ಲೈಟ್ ಹಿಡಿದಳು. ಎಂಜಿನ್ ಚಕ್ರದ ಮೇಲಿನ ಗುರುತು ಇರಬೇಕಾದ ಜಾಗ ಒಂದು, ಇದ್ದದ್ದು ಇನ್ನೊಂದು. ಕಿಡಿ ತೀರಾ ಮುಂಚೆಯೇ ಹಾರುತ್ತಿತ್ತು. ಇನ್ನಷ್ಟು ದಿನ ಓಡಿಸಿದ್ದರೆ ಪಿಸ್ಟನ್ ತೂತು. ಅವಳು ನೋಡಿ ಹೇಳಿದಳು, ನಾನು ತಿರುಗಿಸಿದೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯ.

ಮಾರ್ಚ್ 16

ಇನ್ನೆಷ್ಟು ಗಾಡಿ ಹೀಗೆ ಕಳಿಸಿದ್ದೇನೋ. ನಾಲ್ಕು ಜನಕ್ಕೆ ಫೋನ್ ಮಾಡಿ ವಾಪಸ್ ತರಲು ಹೇಳಿದೆ. ಕಾರಣ ಹೇಳಲು ಬಾಯಿ ಬರಲಿಲ್ಲ.

ಮಾರ್ಚ್ 23, ಸಂಜೆ

ತಂಗಿ ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಗಾಜಿನ ಕೋಣೆ, ತಲೆಗೆ ಹೆಡ್‌ಫೋನ್. "ಸೌಂಡ್ ಕೇಳಿಸಿದಾಗೆಲ್ಲ ಬಟನ್ ಒತ್ತಿ ಸಾರ್" ಎಂದಳು ಅಲ್ಲಿನ ಹುಡುಗಿ. ಮೊದಲು ದಪ್ಪ ದಪ್ಪ ಸದ್ದು. ಒಂದೂ ಬಿಡದೆ ಒತ್ತಿದೆ. ಖುಷಿಯಾಯಿತು. ಆಮೇಲೆ ಸದ್ದು ನಿಂತಿತು. ಕಾದೆ. ತುಂಬಾ ಹೊತ್ತು ಕಾದೆ. ಹುಡುಗಿ ಬಾಗಿಲು ತೆರೆದಾಗ ಕೇಳಿದೆ, "ಸಣ್ಣ ಸೌಂಡ್ ಯಾವಾಗ ಹಾಕ್ತೀಯಮ್ಮಾ?"

ಅವಳು ತಂಗಿಯ ಮುಖ ನೋಡಿದಳು. ತಂಗಿ ಒಳಗೆ ಬಂದು, ನನ್ನ ಕೈಯಿಂದ ಬಟನ್ ಬಿಡಿಸಿಕೊಂಡು, "ಆಗಲೇ ಎಲ್ಲಾ ಹಾಕಿ ಮುಗಿಸಿದ್ರಣ್ಣ" ಎಂದಳು.