ಹನ್ನೊಂದು ಚಮಚದ ತಟ್ಟೆ

ಸೆಲೋನಿಕಾ,
ಪೂರಿಮ್ ಹಬ್ಬ ಕಳೆದ ಎರಡನೆಯ ದಿನ, ಭಾನುವಾರ

ಪ್ರೀತಿಯ ಸಂತೋ, ನೂರಿಪ್ಪತ್ತು ವರ್ಷ ಬಾಳಿ.

ಕೆಮ್ಮು ನಿಂತಿತೇ? ನಾನು ಹೆಣೆದುಕೊಟ್ಟ ಉಣ್ಣೆಯ ಪಟ್ಟಿಯನ್ನು ಎದೆಗೆ ಕಟ್ಟಿಕೊಳ್ಳುತ್ತಿದ್ದೀರೋ, ಇಲ್ಲಾ ಅದು ಪೆಟ್ಟಿಗೆಯ ತಳದಲ್ಲೇ ಬಿದ್ದಿದೆಯೋ? ಮೊನಾಸ್ತಿರ್‌ನ ಚಳಿ ಕೆಟ್ಟದ್ದು. ಉಣ್ಣೆಯ ವ್ಯಾಪಾರಿಯೇ ಉಣ್ಣೆಯಿಲ್ಲದೆ ನಡುಗಿದರೆ ಜನ ನಗುತ್ತಾರೆ. ಇಲ್ಲಿ ನಾನು ಚೆನ್ನಾಗಿದ್ದೇನೆ. ಹೊಟ್ಟೆಕಿಚ್ಚು ಕಾಯಿಲೆಯಲ್ಲ ಎನ್ನುವುದಾದರೆ ಚೆನ್ನಾಗಿಯೇ ಇದ್ದೇನೆ.

ಹೌದು, ಮತ್ತೆ ನಿಮ್ಮ ಅಮ್ಮನ ಬೆಳ್ಳಿ ತಟ್ಟೆಯ ವಿಷಯವೇ. ಮುಖ ಸಿಂಡರಿಸಬೇಡಿ, ಪೂರ್ತಿ ಓದಿ. ಮನೆಗೆ ಬಂದವರಿಗೆ ಮುರಬ್ಬ ಕೊಡುವ ಆ ತಟ್ಟೆ, ನಡುವಿನ ಬಟ್ಟಲು, ಸುತ್ತ ತೂಗುವ ಹನ್ನೆರಡು ಚಮಚ. ಅತ್ತೆ ಹಾಸಿಗೆ ಹಿಡಿದ ಆ ಚಳಿಗಾಲದಲ್ಲಿ ಗಂಜಿ ಕುಡಿಸಿದವಳು ಯಾರು? ತಲೆ ಬಾಚಿದವಳು ಯಾರು? "ದುದುನ್, ಈ ತಟ್ಟೆ ನಿಂದೇ ಕಣೇ" ಎಂದು ಅವರು ಹೇಳಿದ್ದನ್ನು ಈ ಕಿವಿಯಿಂದಲೇ ಕೇಳಿದ್ದೇನೆ. ಆಗ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ, ಅದು ನನ್ನ ಹಣೆಬರಹ. ಸಾವಿನ ಏಳು ದಿನದ ಸೂತಕ ಕಳೆದ ಮೇಲೆ ತಟ್ಟೆ ನಿಮ್ಮ ಅತ್ತಿಗೆ ಮಝಲ್ತೋಳ ಕಪಾಟಿನಲ್ಲೇ ಉಳಿಯಿತು. ಹಿರಿಸೊಸೆ, ಮಾವನೂ ಅವಳ ಮನೆಯಲ್ಲೇ ಇರುವುದು, ಇನ್ನೇನು! ನೀವು "ಹೋಗ್ಲಿ ಬಿಡು" ಎಂದಿರಿ. ಆರು ವರ್ಷವಾಯಿತು. ನಾನು ಬಿಟ್ಟಿಲ್ಲ.

ಹಬ್ಬದ ಹಿಂದಿನ ಶನಿವಾರ, ಸಬ್ಬತ್ತಿನ ದಿನ, ಎಂದಿನಂತೆ ಅವಳ ಮನೆಯಲ್ಲಿ ನಾವು ಹನ್ನೆರಡು ಹೆಂಗಸರು ಸೇರಿದ್ದೆವು. ಮಾವ ಕನ್ನಡಕ ಏರಿಸಿಕೊಂಡು, ನಮ್ಮ ಮಾತಿನಲ್ಲೇ ಇರುವ ಆ ಹಳೆಯ ಧರ್ಮಗ್ರಂಥದ ವ್ಯಾಖ್ಯಾನದಿಂದ, ಪೂರಿಮ್ ಕಥೆಯ ಅಹಷ್ವೇರೋಷ್ ಅರಸನ ಔತಣದ ಭಾಗ ಓದಿದರು. ಒಬ್ಬೊಬ್ಬ ಅತಿಥಿಗೂ ಅವನವನ ಊರಿನ ದ್ರಾಕ್ಷಾರಸ, ಅದೂ ಅವನಿಗಿಂತ ವಯಸ್ಸಾದದ್ದು! ಅಷ್ಟರಲ್ಲಿ ಮಝಲ್ತೋ ತಟ್ಟೆ ತಂದಳು. ಉಜ್ಜಿ ಉಜ್ಜಿ ಕನ್ನಡಿ ಮಾಡಿಟ್ಟಿದ್ದಳು. ಪಕ್ಕದ ಮನೆಯ ಬೀನೂತಾ ಸುಮ್ಮನಿರುವವಳೇ? "ಏನೇ ಮಝಲ್ತೋ, ಈ ಸಲಾನೂ ಹನ್ನೊಂದೇ ಚಮಚಾನಾ? ಹನ್ನೆರಡನೇದು ಇಲಿ ತಿಂತಾ?" ಎಂದು ಎಲ್ಲರೆದುರು ನಕ್ಕಳು. ನಿಮ್ಮ ಅತ್ತಿಗೆ ಎಂದಿನಂತೆ, "ನೀವು ತಗೊಳ್ರಮ್ಮ, ನಂಗೆ ಸಿಹಿ ಆಗಲ್ಲ" ಎಂದಳು. ನಾನು ತಲೆ ತಗ್ಗಿಸಿ ಶಾಲಿನ ಅಂಚು ಸರಿಮಾಡಿಕೊಂಡೆ.

ಮಾವ ಮುಂದೆ ಓದಿದರು. ಯೆರೂಸಲೇಮಿನ ದೇವಾಲಯದಿಂದ ದೋಚಿ ತಂದ ಪಾತ್ರೆಗಳನ್ನು ಅರಸ ಔತಣಕ್ಕೆ ಹೊರತೆಗೆಸಿದನಂತೆ. ಅವುಗಳ ಪಕ್ಕದಲ್ಲಿ ಅವನ ಸ್ವಂತ ಪಾತ್ರೆಗಳ ಮುಖ ಕಪ್ಪಿಟ್ಟಿತಂತೆ, ಚೆಲುವೆಯಾದ ದಾಸಿಯನ್ನು ಕಂಡ ಒಡತಿಯ ಮುಖದ ಹಾಗೆ. "ನೋಡ್ರಮ್ಮ, ಪಾತ್ರೆಗಳಿಗೂ ಹೊಟ್ಟೆಕಿಚ್ಚು!" ಎಂದು ಮಾವ ನಕ್ಕರು. ನನ್ನ ಕಡೆಗೇ ನೋಡಿದರು ಎಂದು ನನಗನ್ನಿಸಿತು. ನಮ್ಮ ಹಿರಿಯರು ಆ ಪಾತ್ರೆಗಳ ಗುರುತು ಹಿಡಿದು, ಅವುಗಳ ಜೊತೆ ಊಟಕ್ಕೆ ಕೂರಲಾರೆವು ಎಂದರಂತೆ. ಅರಸ ಅವರಿಗೆ ಬೇರೆಯೇ ಜಾಗ ಮಾಡಿಸಿಕೊಟ್ಟನಂತೆ. ಸಂತೋ, ನನ್ನ ನಾಲಿಗೆ ನನ್ನ ಹಿಡಿತದಲ್ಲಿ ಉಳಿಯಲಿಲ್ಲ. ಎದ್ದು ನಿಂತು, "ಆ ಹಿರಿಯರು ಮಾಡಿದ್ದೇ ಸರಿ ಮಾವ. ಕಂಡೋರ ತಟ್ಟೆ ಇಟ್ಕೊಂಡು ಮೆರೆಯೋರ ಮನೇಲಿ ನಂಗೂ ಗಂಟಲಲ್ಲಿ ಇಳಿಯಲ್ಲ" ಎಂದುಬಿಟ್ಟೆ. ಹೋಗಿ ಅಂಗಳದ ಬಾವಿಕಟ್ಟೆಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಮಝಲ್ತೋ ಬಂದಳು. ಬೈಯುತ್ತಾಳೆ, ನಾನೂ ನಾಲ್ಕು ಅಂದು ಹಗುರಾಗುತ್ತೇನೆ ಎಂದು ಕಾದರೆ, "ವಾರ್ದಾರ್ ಚಳಿಗಾಳಿ ಬೀಸ್ತಿದೆ, ಶಾಲು ಸರಿಯಾಗಿ ಹೊದ್ಕೋ" ಎಂದಷ್ಟೇ ಹೇಳಿ ಒಳಗೆ ಹೋದಳು. ಮೈಯೆಲ್ಲ ಉರಿದುಹೋಯಿತು. ಅವಳ ಒಳ್ಳೆಯತನವನ್ನು ಕಂಡರೂ ನನಗೆ ಆಗುವುದಿಲ್ಲ.

ಹಬ್ಬದ ಬೆಳಿಗ್ಗೆ ತಿಂಡಿಯ ತಟ್ಟೆಗಳು ಮನೆಯಿಂದ ಮನೆಗೆ ಓಡಾಡುವ ಹೊತ್ತಿಗೆ ನಾನು ಬೇಕೆಂದೇ ಬಣ್ಣ ಎದ್ದ ತಗಡಿನ ತಟ್ಟೆ ಹುಡುಕಿ, ಐದು ಒಣ ಬಿಸ್ಕತ್ತು ಇಟ್ಟು ಅವಳಿಗೆ ಕಳಿಸಿದೆ. ಮಧ್ಯಾಹ್ನದೊಳಗೆ ಅವಳ ಕಡೆಯಿಂದ ಬಂತು. ತಂದವರು ಯಾರು ಗೊತ್ತೇ? ಮಾವನೇ, ಏದುಸಿರು ಬಿಡುತ್ತ. ಬಿಳಿ ಬಟ್ಟೆ ಸರಿಸಿದರೆ ಸಕ್ಕರೆ ಗೊಂಬೆಗಳು, ಬಾದಾಮಿ ಉಂಡೆ, ಬಟ್ಟಲು ತುಂಬ ಕಿತ್ತಳೆಯ ಮುರಬ್ಬ. ಅವೆಲ್ಲದರ ಅಡಿಯಲ್ಲಿ ಅದೇ ಬೆಳ್ಳಿ ತಟ್ಟೆ. ಹಬ್ಬದಲ್ಲಿ ಬಂದ ತಟ್ಟೆ ಬರಿದಾಗಿ ವಾಪಸು ಹೋಗಬಾರದು, ಆದರೆ ವಾಪಸಂತೂ ಹೋಗಲೇಬೇಕು. "ಇದನ್ನ ವಾಪಸ್ ಕಳಿಸ್ಬೇಡ ಅಂದಿದಾಳೆ" ಎಂದರು ಮಾವ. ಈಗ ಅದು ನನ್ನ ಮೇಜಿನ ಮೇಲಿದೆ. ನಾನು ಕುಣಿಯಬೇಕಿತ್ತಲ್ಲವೇ? ಕುಣಿಯಲಿಲ್ಲ. ಕೊಟ್ಟು ಗೆದ್ದಳಲ್ಲ ಎಂದು ಎರಡು ದಿನದಿಂದ ಇನ್ನೂ ಹೆಚ್ಚಾಗಿ ಉರಿಯುತ್ತಿದ್ದೇನೆ.

ಪಾಸ್ಕ ಹಬ್ಬಕ್ಕೆ ಮೊದಲೇ ಬನ್ನಿ. ಬೀನೂತಾ ನಿಮ್ಮನ್ನು ಕೇಳಿದಳು, ಮಾವ ಹರಸಿದ್ದಾರೆ. ದೇವರು ನಿಮ್ಮನ್ನು ದಾರಿಯಲ್ಲೂ ಮನೆಯಲ್ಲೂ ಕಾಪಾಡಲಿ.

ನಿಮ್ಮವಳು,
ದುದುನ್

ಮರೆತೆ, ಅಲ್ಲ, ಮರೆತಿರಲಿಲ್ಲ. ಮಾವ ಹೊಸ್ತಿಲಲ್ಲಿ ನಿಂತು, ನೆಲ ನೋಡುತ್ತ ಅವಳ ಇನ್ನೊಂದು ಮಾತು ಹೇಳಿದರು: "ಹನ್ನೆರಡನೇ ಚಮಚ ಎಲ್ಲಿದೆಯೋ, ತಟ್ಟೆನೂ ಅಲ್ಲೇ ಇರ್ಲಿ." ಸಂತೋ, ಆ ಚಮಚ ನನ್ನ ಬಟ್ಟೆಯ ಪೆಟ್ಟಿಗೆಯಲ್ಲಿದೆ. ಅತ್ತೆ ಸತ್ತ ಏಳನೆಯ ದಿನ, ತಟ್ಟೆ ನನಗಿಲ್ಲದಿದ್ದರೆ ಅವಳಿಗೂ ಪೂರ್ತಿ ಸಿಗದಿರಲಿ ಎಂದು ನಾನೇ ಜೇಬಿಗೆ ಹಾಕಿಕೊಂಡಿದ್ದೆ. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಆರು ವರ್ಷ ಬೀನೂತಾಳ ಬಾಯಿಗೆ ಸಿಕ್ಕರೂ ನನ್ನ ಹೆಸರೆತ್ತದೆ, ನನ್ನೆದುರು ಬರಿಬಾಯಲ್ಲಿ ಕೂತಿದ್ದಳು. ನಾಳೆ ತಟ್ಟೆ ತುಂಬಿಸಿ, ಹನ್ನೆರಡೂ ಚಮಚ ಇಟ್ಟು, ನಾನೇ ಹೊತ್ತುಕೊಂಡು ಹೋಗುತ್ತೇನೆ. ಮೊದಲ ಚಮಚ ಅವಳ ಬಾಯಿಗೆ. ಆಗಲೂ ಅವಳು "ನಂಗೆ ಸಿಹಿ ಆಗಲ್ಲ" ಎಂದುಬಿಟ್ಟರೆ ನಾನೇನು ಮಾಡಲಿ?