ಬೂದಿಯ ಮೆಟ್ಟಿಲು

ಮಾರ್ಚ್ 3, ಸಂಜೆ

ಕಾಸ್ಟಿಕ್ ಸೋಡಾ ದ್ರಾವಣ ಇನ್ನೂ ತಣಿದಿಲ್ಲ. ಹಾಲು ಉಕ್ಕೀತೆಂಬಂತೆ ಅಕ್ಕ ಡ್ರಮ್ಮಿನ ಪಕ್ಕ ಕಾವಲು ಕೂತಿದ್ದಾಳೆ. ನಾಳೆಗೆ ಬೇಕಾದ್ದನ್ನು ಇವತ್ತೇ ಕಲಸಿಡಬೇಕು. ಬಿಸಿಬಿಸಿ ಸುರಿದರೆ ಮಿಕ್ಸರ್‌ನಲ್ಲೇ ಬಿಗಿಯುತ್ತದೆ.

ಸಿಮೆಂಟೇ ಇಲ್ಲದ ಕಾಂಕ್ರೀಟು ನಮ್ಮದು. ಹಾರುಬೂದಿ, ಜಲ್ಲಿ, ಮರಳು. ಬೂದಿಯನ್ನು ಎಬ್ಬಿಸಲು ಕಾಸ್ಟಿಕ್, ಸಿಲಿಕೇಟ್. ಕಾಸ್ಟಿಕ್ ಎಷ್ಟು ಗಾಢ ಎಂದು ಅಳೆಯುವುದು ಮೋಲಾರ್ ಲೆಕ್ಕದಲ್ಲಿ. ಎಂಟು ಮೋಲಾರ್‌ಗೆ ಬೂದಿ ಸೋಮಾರಿ, ಕರಗುವುದೇ ಇಲ್ಲ. ಹದಿನಾರಕ್ಕೆ ವಿಪರೀತ ಅವಸರ — ಅಚ್ಚು ತುಂಬುವ ಮೊದಲೇ ಸೆಟ್, ಆಮೇಲೆ ಮೈತುಂಬ ಬಿಳಿ ಉಪ್ಪು. ಹನ್ನೆರಡಕ್ಕೆ ಹದ. ಆ ಹದ ಹುಡುಕುವಷ್ಟರಲ್ಲಿ ನನ್ನ ತಲೆ ನರೆಯಿತು. ಆಸ್ಪತ್ರೆಯ ಕಾಲುಸೇತುವೆಗೆ ಮೆಟ್ಟಿಲು ಮಾಡುವ ಆರ್ಡರ್ ಸಿಕ್ಕಿದ್ದೇ ಅದರಿಂದ. ಪರೀಕ್ಷೆಗೆಂದು ಎರೆದ ಕ್ಯೂಬನ್ನು ಯಂತ್ರದಲ್ಲಿ ಒತ್ತಿ ಒಡೆದಾಗ ಅದರ ಬಲ ನಲವತ್ತು ಮೆಗಾಪಾಸ್ಕಲ್ ದಾಟಬೇಕು.

ಹೊಸ ನೀರಿನ ಪೈಪ್ ಬಂದಿದೆ. ಅಕ್ಕನೇ ಕಾಡಿ ತರಿಸಿದ್ದು. ಅವಳಿಗೆ ಖುಷಿಯೋ ಖುಷಿ.

ಮಾರ್ಚ್ 9

ಮೂವತ್ತೊಂದು. ಮತ್ತೆ ಒಡೆದೆ. ಇಪ್ಪತ್ತೊಂಬತ್ತು.

ಬೂದಿ ಅದೇ. ಸಿಲಿಕೇಟ್ ಅದೇ. ಓವನ್ ಸರಿ ಇದೆ. ಮೆಟ್ಟಿಲುಗಳು ಮಾತ್ರ ನಿನ್ನೆಯೇ ಲಾರಿ ಹತ್ತಿವೆ. ಯಜಮಾನರಿಗೆ ಯಾರ್ಡಿನವರು 'ಬೇಗಬೇಗ' ಎಂದು ಸುಮ್ಮನೆ ಹೆಸರಿಟ್ಟಿಲ್ಲ.

"ಕಾಸ್ಟಿಕ್ ಇನ್ನಷ್ಟು ಹಾಕಮ್ಮ," ಎಂದರು.

"ರುಚಿಗೆ ತಕ್ಕಷ್ಟು ಹಾಕೋಕೆ ಉಪ್ಪಲ್ಲ ಸರ್."

ಮೇಸ್ತ್ರಿ ಗಂಟಲು ಸರಿಮಾಡಿಕೊಂಡ. "ತೂಕದಲ್ಲೇ ಏನೋ ಎಡವಟ್ಟಿದೆ. ತೂಗೋದು ನಿಮ್ಮಕ್ಕ ತಾನೆ?" ಮೈ ಉರಿಯಿತು.

ಮಾರ್ಚ್ 12

ಬೆಳಗಿನಿಂದ ಅಕ್ಕನ ತಕ್ಕಡಿ ಮೇಲೆ ಕಣ್ಣಿಟ್ಟೆ. ಕೂದಲೆಳೆಯಷ್ಟೂ ತಪ್ಪಿಲ್ಲ.

"ಏನೇ, ನನ್ನ ಮೇಲೇ ಕಾವಲಾ?" ನಗುತ್ತಲೇ ಕೇಳಿದಳು. ನಾಚಿಕೆಯಾಯಿತು.

ಅದೇ ದಿನ, ಊಟದ ನಂತರ

ಸಿಕ್ಕಿತು. ಸಿಗಬಾರದಿತ್ತು.

ಅಕ್ಕ ಪ್ರತಿ ಸಲ ಕಲಸುವ ಮೊದಲು ಹೊಸ ಪೈಪ್ ಹಿಡಿದು ಮಿಕ್ಸರ್ ತೊಳೆಯುತ್ತಾಳೆ. ಬಗ್ಗಿಸಿದರೂ ಬ್ಲೇಡುಗಳ ಹಿಂದೆ ನೀರು ನಿಲ್ಲುತ್ತದೆ. ಬಟ್ಟೆಯಲ್ಲಿ ಒರೆಸಿ ಹಿಂಡಿದೆ... ಹತ್ತಿರಹತ್ತಿರ ಅರ್ಧ ಬಕೆಟ್. ಹನ್ನೆರಡು ಮೋಲಾರ್ ಅಲ್ಲಿ ನೀರುಮಜ್ಜಿಗೆ. ಆ ನೀರು ಆರಿದ ಮೇಲೆ ಕಲ್ಲಿನೊಳಗೆಲ್ಲ ತೂತು.

"ಮೊದಲು ಒಣಬಟ್ಟೇಲಿ ಒರೆಸ್ತಿದ್ದೆಯಲ್ಲ?"

"ಒರೆಸಿದ್ರೆ ಸಾಲಲ್ಲ ಕಣೇ. ಬ್ಲೇಡ್ ಸವೆದಿದೆಯಾ ಅಂತ ಒಳಗೆ ಕೈ ಹಾಕಿ ನೋಡೋಳು ನೀನು." ನನ್ನ ಮಣಿಕಟ್ಟಿನ ಸುಟ್ಟ ಗುರುತು ತೋರಿಸಿದಳು. ಹೋದ ವರ್ಷ ಯಾರೋ ತೊಳೆಯದೆ ಇಟ್ಟ ಕಾಸ್ಟಿಕ್ ಜಗ್ ಹಿಡಿದು ಆದದ್ದು. "ಇನ್ನೊಂದು ಸಲ ನೋಡೋಕೆ ನನ್ನಿಂದ ಆಗಲ್ಲ."

ಅವಳಿಗೆ ಕಾಣದಂತೆ ಬಕೆಟಿನ ನೀರು ಚೆಲ್ಲಿದೆ. ಬಾತ್‌ರೂಮಿಗೆ ಹೋಗಿ ಅತ್ತೆ.

ಮಾರ್ಚ್ 14

ಒಣ ಮಿಕ್ಸರಿನಲ್ಲಿ ನಾನೇ ಕಲಸಿದ ಕ್ಯೂಬ್ — ನಲವತ್ತಮೂರು. ಅನುಮಾನ ಉಳಿಯಲಿಲ್ಲ. ಸೇತುವೆಗೆ ಹೋದವೆಲ್ಲ ಒದ್ದೆ ಮಿಕ್ಸರಿನವು.

'ಬೇಗಬೇಗ' ಯಜಮಾನರು ಬಾಗಿಲು ಹಾಕಿಕೊಂಡು ಕೇಳಿಸಿಕೊಂಡರು. "ನಲವತ್ತಮೂರು ಬಂದಿದೆಯಲ್ಲ, ಆಸ್ಪತ್ರೆಯ ರಿಪೋರ್ಟಲ್ಲಿ ಅದನ್ನೇ ಬರೆದು ಕಳಿಸು. ಮೆಟ್ಟಿಲು ವಾಪಸ್ ಬಂದ್ರೆ ನಿಮ್ಮಕ್ಕನ್ನ ನಾನು ಇಟ್ಕೊಳ್ಳೋಕಾಗಲ್ಲ."

ಭಾವ ಸತ್ತ ಮೇಲೆ ಅಕ್ಕ ನೆಟ್ಟಗೆ ನಿಂತಿದ್ದು ಈ ಕೆಲಸದಿಂದ. ರಿಪೋರ್ಟ್ ಹಾಳೆ ಎತ್ತಿಕೊಂಡು ಹೊರಬಂದೆ.

ಮಾರ್ಚ್ 19, ಸಂಜೆ

ಹದಿನೈದನೇ ತಾರೀಖೇ ರಿಪೋರ್ಟಿಗೆ ಸಹಿ ಹಾಕಿ ಕಳಿಸಿದೆ. ಅಂದಿನಿಂದ ಇದರಲ್ಲಿ ಬರೆಯಲು ಕೈ ಬಂದಿಲ್ಲ.

ನಾಳೆ ಸೇತುವೆ ತೆರೆಯುತ್ತಾರೆ. ಅಕ್ಕ ಮಗಳ ಫ್ರಾಕ್ ಇಸ್ತ್ರಿ ಮಾಡುತ್ತಿದ್ದಳು. "ಎಲ್ಲರಿಗಿಂತ ಮೊದಲು ಇವಳನ್ನ ಹತ್ತಿಸ್ತೀನಿ. ಅಮ್ಮ ಕಲಸಿದ ಮೆಟ್ಟಿಲು ಅಂತ ಗೊತ್ತಾಗ್ಲಿ."

ಹೇಳಿಬಿಟ್ಟೆ. ನೀರು, ಮಿಕ್ಸರ್, ನಲವತ್ತಮೂರು, ಸಹಿ, ಎಲ್ಲ.

ಇಸ್ತ್ರಿಪೆಟ್ಟಿಗೆ ಎತ್ತಿಟ್ಟಳು. ಪೈಪ್ ಹಿಡಿದಿದ್ದ ತನ್ನ ಅಂಗೈ ನೋಡಿಕೊಂಡಳು. ಆಮೇಲೆ, "ಸಹಿ ನನಗೋಸ್ಕರ ಹಾಕ್ದೆ ಅಂತ ಮಾತ್ರ ಹೇಳ್ಬೇಡ," ಎಂದಳು.

ಅದನ್ನೇ ಹೇಳಲು ಬಾಯಿ ತೆರೆದಿದ್ದೆ.

ಆಸ್ಪತ್ರೆಯ ಎಂಜಿನಿಯರ್ ನಂಬರ್ ಹುಡುಕಿ ಫೋನ್ ನನ್ನ ಮುಂದಿಟ್ಟಿದ್ದಾಳೆ. "ತಡವರಿಸ್ತೀಯ ನೀನು. ಮೊದಲು ಬರ್ಕೊ, ಆಮೇಲೆ ಓದಿ ಹೇಳು." ಎದುರಿಗೇ ಕೂತಿದ್ದಾಳೆ. ಬರೆಯುತ್ತಿದ್ದೇನೆ.

ಸರ್, ನಾಳೆ ಆ ಮೆಟ್ಟಿಲ ಮೇಲೆ ಯಾರನ್ನೂ ಬಿಡಬೇಡಿ. ನಾನು ಸಹಿ ಹಾಕಿದ ರಿಪೋರ್ಟ್ ಸುಳ್ಳು.