ತಟ್ಟಿ ನೋಡದ ಲಾಳಿ

ಮಂಗಳವಾರ, ಬೆಳಿಗ್ಗೆ
ಗೋದಾಮಿನಿಂದ

ಪ್ರೀತಿಯ ಅಕ್ಕನಿಗೆ,

ನಿನ್ನ ಗುಜರಿ ತಮ್ಮ ಬರೆಯುವುದು. ಮುಂದೆ ಓದುವ ಮೊದಲು ಎದ್ದು ಹೋಗಿ ಎರಡನೇ ಮಗ್ಗದ ಮೋಟಾರು ಆರಿಸು. ಪುಟ್ಟಿಯನ್ನು ಅಲ್ಲಿಂದ ಈಚೆಗೆ ಕರೆ. ಆ ಮಗ್ಗದ ಲಾಳಿ ತೆಗೆದು, ಈ ಪತ್ರ ತಂದ ಲಾರಿ ಡ್ರೈವರ್ ಕೈಗೆ ಕೊಡು. ಲಾಳಿ ಸಿಗದೆ ಬಾಗಿಲು ಬಿಟ್ಟು ಕದಲಬೇಡ ಎಂದು ಅವನಿಗೆ ಹೇಳಿದ್ದೇನೆ. ಬದಲಿಗೆ ಎರಡು ಹೊಸ ಲಾಳಿ ಕಳಿಸಿದ್ದೇನೆ. ಹೊಸವು ಎಂದರೆ ಅಂಗಡಿಯವು, ನನ್ನ ಗೋಣಿಯವಲ್ಲ. ಆದರೂ ತಟ್ಟಿ ನೋಡು.

ನಿಲ್ಲಿಸಿ ಬಂದೆಯಾ? ಸರಿ, ಕೂತುಕೋ.

ಫೋನ್ ಮಾಡಬಹುದಿತ್ತು. ಆದರೆ ನನ್ನ ಬಾಯಿ ನಿನಗೆ ಗೊತ್ತಲ್ಲ. ತುಕ್ಕು ಹಿಡಿದ ಹಲ್ಲುಚಕ್ರವನ್ನು ಹಳೇ ಕಾಲದ ಗಟ್ಟಿ ಮಾಲು ಎಂದು ದಾಟಿಸಿ ಮೇಲೆ ಬಂದವನು ನಾನು. ಫೋನಿನಲ್ಲಿ ಶುರು ಮಾಡಿದ್ದರೆ ನಾಲ್ಕನೇ ಮಾತಿಗೆ ತಪ್ಪೆಲ್ಲ ನಿನ್ನದೇ ಎಂದು ನಿನ್ನಿಂದಲೇ ಒಪ್ಪಿಸಿಬಿಡುತ್ತಿದ್ದೆ.

ಭಾವನ ಕೈಲಿ ಇನ್ನಾಗುವುದಿಲ್ಲ, ಅಪ್ಪನ ಬದಲು ಪುಟ್ಟಿಯೇ ಮಗ್ಗಕ್ಕೆ ನಿಲ್ಲುತ್ತಾಳೆ, ಒಂದು ಚರ್ಮದ ಪಟ್ಟಿ ಕಳಿಸು ಎಂದು ನೀನು ನಿನ್ನೆ ಹೇಳಿ ಕಳಿಸಿದ್ದೆ. ಐದು ವಾರದಿಂದ ಎರಡೂ ಮಗ್ಗ ನಿಂತಿದ್ದವು. ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಈಗ ಆಗುವುದಿಲ್ಲ.

ನಿನ್ನ ಎರಡು ಮಗ್ಗದ ಲಾಳಿಗಳೂ ನಾನು ಗುಜರಿಗೆ ಕೊಂಡ ಆ ಮುಚ್ಚಿದ ಬಟ್ಟೆ ಗಿರಣಿಯಿಂದ ಬಂದವು. ನಲವತ್ತೆರಡು ಮಗ್ಗವನ್ನು ಒಂಬತ್ತು ದಿನದಲ್ಲಿ ಬಿಚ್ಚಿದೆವು. ಕಬ್ಬಿಣ ತೂಕದ ಮೇಲೆ ಕುಲುಮೆಗೆ ಹೋಗುತ್ತದೆ, ಅದನ್ನು ಯಾರು ಬೇಕಾದರೂ ಮಾಡಿಯಾರು. ಕುಲುಮೆಯ ಬಾಯಿಂದ ಏನನ್ನು ಕಿತ್ತುಕೊಳ್ಳಬಹುದು ಎಂದು ನೋಡುವುದೇ ನನ್ನ ಕಸುಬು. ಒಂದು ಮಗ್ಗ ಸತ್ತರೂ ಅದರ ಹತ್ತು ಹನ್ನೆರಡು ಭಾಗಗಳಿಗೆ ಜೀವ ಇರುತ್ತದೆ. ನಾನು ಉಳಿಸಿದ ಚಕ್ರ, ಪಟ್ಟಿ, ಹಣಿಗೆಗಳಿಂದ ಎಷ್ಟೋ ಮನೆಯ ಮಗ್ಗ ಓಡುತ್ತಿವೆ. ಈ ಜಂಬ ಮಾತ್ರ ನಿಜವಾದದ್ದು.

ಲಾಳಿ ಕೊಳ್ಳುವವರು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೆ ಹಿಡಿಯುತ್ತಾರೆ. ಗಟ್ಟಿ ಮರ ಕೂಗುತ್ತದೆ. ಒಳಗೆ ಬಿರುಕಿದ್ದರೆ ಮೊದ್ದಾಗಿ ಸದ್ದು ಮಾಡುತ್ತದೆ. ನಾವು ಅದನ್ನು ಮೂಗ ಅನ್ನುತ್ತೇವೆ. ಬಿರುಕಿಗೆ ಅರಗು ತುಂಬಿ, ಮರದ ಪುಡಿ ತಿಕ್ಕಿ, ಎಣ್ಣೆ ಹಚ್ಚಿದರೆ ಕಣ್ಣಿಗೆ ಮೋಸ ಮಾಡಬಹುದು. ಕಿವಿಗೆ ಮಾಡಲಾಗದು.

ಆ ರಾಶಿಯಲ್ಲಿ ಎರಡು ಮೂಗ ಲಾಳಿ ಇದ್ದವು. ಎಸೆಯಲು ಕೈ ಬರಲಿಲ್ಲ, ಅರಗು ತುಂಬಿಟ್ಟೆ. ಮಾರಬಾರದು ಎಂದು ಎರಡರ ಮೇಲೂ ಸೀಮೆಸುಣ್ಣದ ಗೆರೆ ಎಳೆದೆ. ಗೋಣಿಯಲ್ಲಿ ಒಂದಕ್ಕೊಂದು ಉಜ್ಜಿ ಗೆರೆ ಅಳಿಸಿಹೋಗಿರಬೇಕು. ಗೊತ್ತಾಗದೆ ಎರಡನ್ನೂ ಭಾವನಿಗೆ ಕೊಟ್ಟೆ. ಅದರಲ್ಲೊಂದು ಈಗಲೂ ನಿನ್ನ ಎರಡನೇ ಮಗ್ಗದಲ್ಲಿದೆ.

ಐದು ವಾರದ ಹಿಂದೆ ಅವತ್ತು, ಮೊದಲನೇ ಮಗ್ಗದ ಲಾಳಿ ನೂಲು ಹೊತ್ತು ಓಡುತ್ತಿದ್ದಂತೆಯೇ ಸೀಳಿತು. ಅದರ ಉಕ್ಕಿನ ಮೂತಿ ಹಾರಿ ಭಾವನ ಬಲಗಣ್ಣಿಗೆ ಬಡಿಯಿತು. ನೀವೆಲ್ಲ ಆಸ್ಪತ್ರೆಗೆ ಓಡಿದಿರಿ; ನಾನು ಹಿಂದೆ ಉಳಿದು ನೆಲ ಗುಡಿಸಿ ರಕ್ತ ತೊಳೆದೆ. ಇಂಥ ತಮ್ಮ ಯಾರಿಗಿದ್ದಾನೆ ಎಂದು ಪಕ್ಕದ ಮನೆಯವರ ಹತ್ತಿರ ಹೇಳಿದೆಯಂತೆ. ಅಕ್ಕಾ, ನಾನು ಹುಡುಕುತ್ತಿದ್ದದ್ದು ಲಾಳಿಯ ಚೂರುಗಳನ್ನು. ಏಳು ಸಿಕ್ಕವು. ಸೀಳಿದ ಕಡೆ ಅರಗು ಕೆಂಪಗೆ ಕಾಣುತ್ತಿತ್ತು. ಏಳನ್ನೂ ಜೇಬಿಗಿಳಿಸಿ, ಕೇಳಿದವರಿಗೆ ಒಲೆಗೆ ಹಾಕಿದೆ ಎಂದೆ.

ಭಾವ ತೂಕಡಿಸಿದ್ದಕ್ಕೇ ಹೀಗಾಯಿತು ಎಂದು ನೀನು ಬಂದವರಿಗೆಲ್ಲ ಹೇಳುತ್ತೀಯ. ಹೋದ ವಾರ ನನ್ನೆದುರಿಗೂ ಹೇಳಿದೆ: "ಇವ್ರು ಕಣ್ಣು ಬಿಟ್ಕೊಂಡಿದ್ದಿದ್ರೆ ಕಣ್ಣು ಉಳೀತಿತ್ತು."

ಭಾವ ಗೋಡೆಯ ಕಡೆ ತಿರುಗಿಕೊಂಡೇ ಅಂದರು, "ಹೌದೇನೋ ಕಣೆ. ಒಂದು ಗಳಿಗೆ ಜೋಂಪು ಹತ್ತಿತ್ತೇನೋ."

ಇಪ್ಪತ್ತೆಂಟು ವರ್ಷ ಮಗ್ಗದ ಮುಂದೆ ಒಂದು ಸಲವೂ ಆಕಳಿಸದ ಮನುಷ್ಯ, ಮಾಡದ ತಪ್ಪನ್ನು ನೆನಪು ಮಾಡಿಕೊಳ್ಳಲು ನೋಡುತ್ತಿದ್ದರು. ನಾನು ಅಲ್ಲೇ ಕೂತು ನೀನು ಕೊಟ್ಟ ಟೀ ಕುಡಿದೆ. ಎರಡನೇ ಲೋಟವನ್ನೂ ಬೇಡ ಅನ್ನಲಿಲ್ಲ.

ಅವರು ತೂಕಡಿಸಲಿಲ್ಲ. ಉಳಿದ ಕಣ್ಣೂ ಮಸುಕಾಗುತ್ತಿದೆ ಎಂದು ಡಾಕ್ಟರು ಹೇಳಿದ್ದಾರಲ್ಲ, ಓದಿಕೊಳ್ಳಲು ಅವರಿಂದ ಆಗದು. ನೀನೇ ಇದನ್ನು ಗಟ್ಟಿಯಾಗಿ ಓದು. ಪುಟ್ಟಿಯೂ ಕೇಳಲಿ.

ಏಳು ಚೂರನ್ನೂ ಪೊಟ್ಟಣ ಕಟ್ಟಿ ಜೊತೆಗಿಟ್ಟಿದ್ದೇನೆ. ಯಾರಿಗೆ ತೋರಿಸಬೇಕೋ ತೋರಿಸು. ಬಾ ಎಂದರೆ ಬರುತ್ತೇನೆ. ಬರಬೇಡ ಎಂದರೆ ಯಾಕೆ ಎಂದು ಕೇಳುವುದಿಲ್ಲ.

ಇಂತಿ,
ನಿನ್ನ ತಮ್ಮ,
ಗುಜರಿ

ಮರೆತ ಮಾತು: ಮರೆತದ್ದೇನಲ್ಲ. ಪತ್ರ ಡ್ರೈವರ್‌ಗೆ ಕೊಟ್ಟಾಗಿತ್ತು. ಲಾರಿ ಗೇಟು ದಾಟುವಾಗ ಓಡಿಹೋಗಿ ವಾಪಸ್ ಇಸಿದುಕೊಂಡು ಬಾನೆಟ್ ಮೇಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಗೆರೆ ಗೋಣಿಯಲ್ಲಿ ಅಳಿಸಿಹೋಗಲಿಲ್ಲ. ಒದ್ದೆ ಬಟ್ಟೆಯಲ್ಲಿ ನಾನೇ ಒರೆಸಿದೆ. ಎರಡು ಲಾಳಿ ದಂಡವಾಗುತ್ತವಲ್ಲ ಎಂದು. ಕೊಡುವಾಗ, ಒಂದು ಸಲ ತಟ್ಟಿ ನೋಡಿ ಭಾವ ಎಂದು ಬಾಯಿಮಾತಿಗೆ ಅಂದೆ. "ನೀನ್ ಕೊಟ್ಟಿದ್ದನ್ನೂ ತಟ್ಟಿ ನೋಡ್ಬೇಕೇನೋ?" ಎಂದು ನಕ್ಕು, ನೇರ ಮಗ್ಗಕ್ಕೆ ಹಾಕಿದರು. ಹಾಗೇ ಅನ್ನುತ್ತಾರೆ ಎಂದು ಗೊತ್ತಿತ್ತು. ಅವೆರಡನ್ನು ತಟ್ಟದೆ ತೆಗೆದುಕೊಳ್ಳುವವರು ಇಡೀ ಊರಿನಲ್ಲಿ ಅವರೊಬ್ಬರೇ ಇದ್ದರು.